ಬಣ್ಣದ ಮೇಸ್ತ್ರಿಯ ನಾಲಿಗೆ

ಮಗಳನ್ನು ಕೊಟ್ಟ ಮನೆಗೆ ಮೊದಲ ಸಲ ಊಟಕ್ಕೆ ಹೋದ ದಿನ ಬಣ್ಣದ ಮೇಸ್ತ್ರಿ ಬೀಗರ ಹಾಸಿಗೆಯ ಮೇಲೆ ತನ್ನದೊಂದು ಪ್ರತಿಯನ್ನು ಬಿಟ್ಟು ಬಂದ.

ಬೇಕೆಂದು ಮಾಡಿದ್ದಲ್ಲ. ಊಟವಾಗಿತ್ತು, ಸೆಕೆ ವಿಪರೀತವಿತ್ತು, “ಸ್ವಲ್ಪ ಅಡ್ಡಾಗಿ ಬೀಗ್ರೇ” ಎಂದು ಬೀಗರು ಒಳಕೋಣೆಯ ಹೊಸ ಮಂಚ ತೋರಿಸಿದರು. ಮಂಚದ ಮೇಲೆ ಹಾಲಿನಂಥ ಬಿಳಿ ಹಾಸು. ಮೇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಬರೀ ಬನಿಯನ್ನಿನಲ್ಲಿ ಮಲಗಿ, ಒಂದು ಗಂಟೆ ಧಾರಾಳವಾಗಿ ಗೊರಕೆ ಹೊಡೆದು, ಅಷ್ಟೇ ಧಾರಾಳವಾಗಿ ಬೆವರಿ ಎದ್ದ. ಅವನು ಎದ್ದ ಮೇಲೂ ಹಾಸಿಗೆಯಲ್ಲಿ ಒಬ್ಬ ಮಲಗಿಯೇ ಇದ್ದ. ತಿಳಿಹಸಿರು ಬಣ್ಣದವನು. ತಲೆ, ಎರಡು ಭುಜ, ಮಡಿಸಿದ ಒಂದು ಮೊಣಕೈ, ಎಲ್ಲವೂ ಅಚ್ಚುಕಟ್ಟಾಗಿ ಮೂಡಿತ್ತು. ಕಾಫಿ ಹಿಡಿದು ಬಂದ ಬೀಗಿತ್ತಿ ನಿಂತಿದ್ದ ಮೇಸ್ತ್ರಿಯನ್ನೊಮ್ಮೆ, ಮಲಗಿದ್ದ ಮೇಸ್ತ್ರಿಯನ್ನೊಮ್ಮೆ ನೋಡಿ, ಲೋಟ ಯಾರ ಕೈಗೆ ಕೊಡಬೇಕೆಂದು ತಿಳಿಯದವರ ಹಾಗೆ ಬಾಗಿಲಲ್ಲೇ ನಿಂತುಬಿಟ್ಟರು.

“ಈ ವಾರ ಹಸಿರು ಆರ್ಡರ್ ಇತ್ತು” ಎಂದ ಮೇಸ್ತ್ರಿ.

ತಪ್ಪಾಯಿತು ಅನ್ನಬೇಕಾದ ಕಡೆ ವಿವರಣೆ ಕೊಡುವುದು ಅವನ ಜಾಯಮಾನ. ಬಾಗಿಲ ಇನ್ನೊಂದು ಪಕ್ಕ ನಿಂತಿದ್ದ ಅವನ ಹೆಂಡತಿಗೆ ಅಲ್ಲೇ ನೆಲ ಬಿರಿಯಬಾರದೆ ಅನ್ನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತವಳು ನಾಲ್ಕು ಸ್ಟಾಪು ಕಳೆದರೂ ತಲೆ ತಿರುಗಿಸಲಿಲ್ಲ.

“ಏನಾದ್ರೂ ಮಾತಾಡೇ” ಎಂದ ಮೇಸ್ತ್ರಿ.

“ಏನು ಮಾತಾಡ್ಲಿ? ಬೀಗರ ಮುಂದೆ ಒಂದು ದಿನ ಬೀಗೋಣ ಅಂತ ಹೋದೆ. ನೀವು ಅವರ ಮಂಚದ ಮೇಲೆ ಠಸ್ಸೆ ಒತ್ತಿ ಬಂದ್ರಿ.”

“ಒಗೆದ್ರೆ ಹೋಗುತ್ತೆ ಬಿಡು.”

“ಎಲ್ಲಿ ಹೋಗುತ್ತೆ? ನೀವು ಹಾಕಿದ ಬಣ್ಣ ಇವತ್ತಿನವರೆಗೆ ಯಾವತ್ತಾದ್ರೂ ಹೋಗಿದ್ಯಾ?”

ಬೈಗುಳದ ಮಡಿಕೆಯಲ್ಲಿ ಒಂದು ಹೊಗಳಿಕೆ ಸಿಕ್ಕಿಕೊಂಡಿರುವುದನ್ನು ಮೇಸ್ತ್ರಿ ತಕ್ಷಣ ಪತ್ತೆಹಚ್ಚಿದ. “ಅದು ಮಾತ್ರ ನಿಜ” ಎಂದು ಮೀಸೆಯಡಿ ನಕ್ಕ. ಅವಳಿಗೂ ನಗು ಬಂತು. ಬಂದದ್ದನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

ಮೇಸ್ತ್ರಿ ಕೆಲಸ ಮಾಡುತ್ತಿದ್ದದ್ದು ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ. ಮೇಲೆ ತಗಡು, ಕೆಳಗೆ ಸಿಮೆಂಟಿನ ಆರು ತೊಟ್ಟಿ, ತೊಟ್ಟಿಗೆ ಅಡ್ಡಲಾಗಿ ಕೋಲು, ಕೋಲಿಗೆ ನೇತುಬಿದ್ದ ನೂಲಿನ ಲಡಿಗಳು. ಕುದಿಯುವ ಬಣ್ಣದ ನೀರಿನಲ್ಲಿ ಲಡಿಗಳನ್ನು ಮುಳುಗಿಸಬೇಕು, ಹೊರಳಿಸಬೇಕು, ಎತ್ತಿ ಹಿಂಡಬೇಕು, ಮತ್ತೆ ಮುಳುಗಿಸಬೇಕು. ಹಬೆ ಮುಖಕ್ಕೆ, ನೀರು ಮೊಣಕೈಗೆ, ಪುಡಿ ಮೂಗಿಗೆ. ಹದಿನೇಳನೇ ವಯಸ್ಸಿಗೆ ಸೇರಿದವನು ಐವತ್ತೆಂಟಕ್ಕೂ ಅಲ್ಲೇ ಇದ್ದ. ಅವನ ಉಗುರುಗಳ ಬುಡದಲ್ಲಿ ಯಾವ ಸೋಪಿಗೂ ಬಗ್ಗದ ಒಂದು ನೇರಳೆ ಗೆರೆ ಇತ್ತು. ಬೆವರಿದರೆ ಆ ವಾರದ ಬಣ್ಣವೇ ಮೈಯಿಂದ ಇಳಿಯುತ್ತಿತ್ತು. ಬೆವರೇನು, ಒಳಗಿನಿಂದ ಬರುವ ಬೇರೆ ನೀರಿಗೂ ಅದೇ ಬಣ್ಣ. ಶೆಡ್ಡಿನವರಿಗೆ ಇದೊಂದು ನಿತ್ಯದ ತಮಾಷೆ. “ಇವತ್ತು ಯಾವ ಆರ್ಡರ್ ಅಂತ ಯಜಮಾನ್ರನ್ನ ಯಾಕೆ ಕೇಳ್ತೀಯ? ಹಿಂದೆ ಹೋಗಿ ಗೋಡೆ ಕಡೆ ನಿಂತು ಬಾ, ಗೊತ್ತಾಗುತ್ತೆ” ಎಂದು ಹೊಸಬರನ್ನು ರೇಗಿಸುತ್ತಿದ್ದರು. ಹೊಸಬರು ಮೊದಲ ದಿನ ಹೌಹಾರುತ್ತಿದ್ದರು, ಎರಡನೇ ವಾರಕ್ಕೆ ತಾವೂ ನಗುತ್ತಿದ್ದರು, ಮೂರನೇ ವಾರಕ್ಕೆ ನೋಡುವುದನ್ನೇ ಬಿಡುತ್ತಿದ್ದರು.

ಮೇಸ್ತ್ರಿಯ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಕ್ಕ. ಬಣ್ಣದವನ ಮನೆಯಲ್ಲಿದ್ದೂ ಬಿಳಿ ಬಟ್ಟೆ ಹೊಲಿಯಬೇಕಾದ ಕಷ್ಟ ಅವಳದು. ಗಂಡ ಕೆಲಸದಿಂದ ಬಂದವನು ನೇರ ಬಚ್ಚಲಿಗೆ ಹೋಗಬೇಕು, ಯಂತ್ರದ ಕಡೆ ಕಣ್ಣು ಹಾಯಿಸಬಹುದು, ಕೈ ಹಾಯಿಸಬಾರದು ಎಂಬುದು ಮದುವೆಯಾದ ಹೊಸತರಲ್ಲೇ ಆದ ಕಾಯಿದೆ. ಅವನ ಬನಿಯನ್ನುಗಳನ್ನು ಅವಳು ಬೇರೆಯೇ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ಹಗ್ಗದ ಮೇಲೆ ಒಣಗಿದ ಬನಿಯನ್ನು ನೋಡಿಯೇ ಎದುರುಮನೆಯವಳು “ಏನ್ ಟೈಲರಕ್ಕ, ಈ ವಾರ ನೀಲಿನಾ?” ಎಂದು ಕೇಳುವಷ್ಟು ಆ ಹಗ್ಗ ಪ್ರಸಿದ್ಧವಾಗಿತ್ತು.

ಬೀಗರ ಮನೆಯ ಪ್ರಕರಣವಾಗಿ ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ಮೇಸ್ತ್ರಿ ಪಾಯಿಖಾನೆಯಿಂದ ಹೊರಗೆ ಬಂದ ಹಿಂದೆಯೇ ಟೈಲರಕ್ಕ ತೊಳೆಯಲು ಹೋದಳು. ಬಿಳಿ ಪಿಂಗಾಣಿಯ ಮೇಲೆ ಕೆಂಪಗೆ ಒಂದು ಎಳೆ ಇಳಿದಿತ್ತು. ಅವಳು ನೀರು ಸುರಿಯಲು ಹೋದವಳು ತಡೆದಳು. ಹೀಗೆ ಕೆಂಪು ಕಂಡದ್ದು ಮೊದಲ ಸಲವಲ್ಲ. ಹೋದ ತಿಂಗಳೂ ಕಂಡಿತ್ತು, ಅದರ ಹಿಂದಿನ ತಿಂಗಳೂ. ಕೇಳಿದಾಗ “ಕೆಂಪು ಆರ್ಡರ್” ಎಂದಿದ್ದ. ಅವಳೂ ಸರಿಯೆಂದು ನೀರು ಸುರಿದಿದ್ದಳು. ಇಪ್ಪತ್ತೊಂಬತ್ತು ವರ್ಷ ಕೆಂಪು, ಹಳದಿ, ನೀಲಿ ಎಲ್ಲಕ್ಕೂ ನೀರು ಸುರಿದವಳು ಅವಳು.

ಆದರೆ ಅವತ್ತು ಅವಳ ಎಡಗೈಯಲ್ಲಿ ನೆನೆಹಾಕಲು ತಂದ ಬನಿಯನ್ನಿತ್ತು. ಬನಿಯನ್ನು ನೀಲಿ. ಹಿಂದಿನ ದಿನದ್ದೂ ನೀಲಿ. ಹಗ್ಗದ ಮೇಲಿದ್ದ ಮೂರೂ ನೀಲಿ.

ಟೈಲರಕ್ಕ ಬನಿಯನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಮೇಸ್ತ್ರಿ ಕಾಫಿ ಕುಡಿಯುತ್ತ, ದಿನದ ಮೊದಲ ಸಿಗರೇಟು ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದ.

“ರೀ, ಈಗ ಯಾವ ಆರ್ಡರ್ ನಡೀತಿದೆ?”

“ನೀಲಿ. ಯಾಕೆ?”

“ಕೆಂಪು ಯಾವಾಗ ಮಾಡಿದ್ರಿ?”

“ಮಾಡಿದ್ವಲ್ಲ, ಮೊನ್ನೆ.”

“ಮೊನ್ನೆ ಅಂದ್ರೆ?”

“ಮೊನ್ನೆ ಅಂದ್ರೆ ಮೊನ್ನೆ. ಬೆಳಗ್ಗೆ ಬೆಳಗ್ಗೆ ಏನೇ ನಿನ್ನ ತಗಾದೆ?”

ಎರಡು ಬೀದಿ ಆಚೆ ಅವಳ ತಮ್ಮನ ಮನೆ. ಅವನೂ ಅದೇ ಶೆಡ್ಡಿನಲ್ಲಿ ಮೇಸ್ತ್ರಿಯ ಕೈಕೆಳಗೆ ಹದಿನೈದು ವರ್ಷದಿಂದ ಇದ್ದವನು. ನಲವತ್ತು ದಾಟಿದ, ಎರಡು ಮಕ್ಕಳ ತಂದೆ. ಚಪ್ಪಲಿ ಮೆಟ್ಟಿ ಅಲ್ಲಿಗೆ ಹೋದಳು. ತಮ್ಮ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ.

“ಕೆಂಪು ಪುಡಿ ಡಬ್ಬ ತೆಗೆದು ಎಷ್ಟು ದಿನ ಆಯ್ತೋ?”

“ಕೆಂಪಾ?” ಅವನು ಬಾಯಿಯ ನೊರೆ ಉಗಿದ. “ಅದು ಖಾಲಿಯಾಗೇ ನಾಲ್ಕು ತಿಂಗಳಾಯ್ತಲ್ಲಕ್ಕ. ಯಾಕೆ, ಯಾರಿಗೆ ಬೇಕಿತ್ತು?”

ಟೈಲರಕ್ಕ ಬಂದ ದಾರಿಯಲ್ಲೇ ಓಡಿದಳು. ಮನೆಗೆ ಬಂದು, ಸಿಗರೇಟು ಸೇದುತ್ತಿದ್ದವನ ಮುಂದೆ ನಿಂತು, “ಅಂಗಿ ಹಾಕ್ಕೊಳ್ಳಿ, ಆಸ್ಪತ್ರೆಗೆ ಹೋಗಬೇಕು” ಎಂದಳು.

“ಯಾರಿಗೇನಾಯ್ತು?”

“ನಿಮಗೆ. ಅದು ಬಣ್ಣ ಅಲ್ಲ, ರಕ್ತ.”

ಮೇಸ್ತ್ರಿ ಸಿಗರೇಟು ಆರಿಸಿದ. ಬಣ್ಣಗಳ ನಡುವೆಯೇ ನಲವತ್ತು ವರ್ಷ ಕಳೆದವನು, ನೂರು ಕೆಂಪುಗಳನ್ನು ಹೆಸರು ಹಿಡಿದು ಕರೆಯಬಲ್ಲವನು, ತನ್ನ ಒಳಗಿನ ಕೆಂಪನ್ನು ಮಾತ್ರ ಗುರುತಿಸದೇ ಹೋಗಿದ್ದ. ಅಥವಾ ಗುರುತು ಸಿಕ್ಕಿದ್ದರೂ ಮುಖ ತಿರುಗಿಸಿಕೊಂಡಿದ್ದನೋ, ಅದನ್ನು ಅವಳು ಕೇಳಲಿಲ್ಲ. ಅವನು ಎದ್ದು ಅಂಗಿ ಹಾಕಿಕೊಂಡ. ಗುಂಡಿಗಳು ಮಾತ್ರ ಒಂದು ಮೇಲೆ ಒಂದು ಕೆಳಗೆ ಆದವು. ಅವಳೇ ಬಿಚ್ಚಿ ಸರಿಯಾಗಿ ಹಾಕಿದಳು.

ದೊಡ್ಡಾಸ್ಪತ್ರೆಯಲ್ಲಿ ಅವರಿಗೆ ಸಿಕ್ಕ ಡಾಕ್ಟರಮ್ಮ ಮೂವತ್ತೈದರ ಆಸುಪಾಸಿನವರು. ಮಾತು ಚುರುಕು, ಕಣ್ಣಿಗೆ ನಿದ್ದೆ ಸಾಲದು. ಮೇಜಿನ ಮೇಲೆ ಕಾಗದಗಳ ಗುಡ್ಡೆ, ಅದರ ಮೇಲೆ ಅರ್ಧ ಕಚ್ಚಿದ ಬಿಸ್ಕತ್ತು.

“ನೋವಿದೆಯಾ?”

“ಇಲ್ಲ ಮೇಡಂ. ನೋವಿದ್ದಿದ್ರೆ ಬಂದೇಬಿಡ್ತಿದ್ದೆ.”

“ಅದೇ ಇದರ ಕಿತಾಪತಿ. ನೋವಿಲ್ಲದೆ ಬರುತ್ತೆ. ಎಷ್ಟು ದಿನದಿಂದ?”

“ಮೂರು ತಿಂಗಳು. ಎರಡು ದಿನ ಇರುತ್ತೆ, ಹೋಗುತ್ತೆ. ನೆಂಟರ ಹಾಗೆ.”

“ಹೋಗ್ತಾ ಹೇಳಿ ಹೋಗಲ್ವಾ, ಮತ್ತೆ ಬರ್ತೀನಿ ಅಂತ?” ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು. “ಸಿಗರೇಟು?”

“ಸ್ವಲ್ಪ.”

“ದಿನಕ್ಕೊಂದು ಪ್ಯಾಕು” ಎಂದಳು ಟೈಲರಕ್ಕ.

“ಏನು ಕೆಲಸ?”

“ಬಣ್ಣ ಹಾಕೋದು.”

“ಗೋಡೆಗಾ?”

“ನೂಲಿಗೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಲ್ಲಿಂದ ಮುಂದಕ್ಕೆ ಅವರು ಕೇಳಿದ್ದು ರೋಗದ ವಿಷಯವಲ್ಲ, ಶೆಡ್ಡಿನ ವಿಷಯ. ಪುಡಿ ಯಾರು ಕಲಸುತ್ತಾರೆ? ನಾನೇ, ಪುಡಿ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಬಾಗಿಲು ಯಾಕೆ ಹಾಕುತ್ತೀರಿ? ಗಾಳಿಗೆ ಹಾರಿಹೋಗುತ್ತಲ್ಲ. ಮುಖಕ್ಕೆ? ಟವೆಲ್. ಕೈಗವಸು? ಯಜಮಾನರು ಒಂದು ಸಲ ತಂದುಕೊಟ್ಟಿದ್ದರು, ಹಾಕಿಕೊಂಡರೆ ನೂಲಿನ ಮೈ ಕೈಗೆ ತಿಳಿಯುವುದಿಲ್ಲ. ತೊಟ್ಟಿಯ ನೀರಿಗೆ ಉಪ್ಪು, ಸೋಡಾ ಸರಿಬಿದ್ದಿದೆಯೋ ಇಲ್ಲವೋ ಹೇಗೆ ನೋಡುತ್ತೀರಿ?

ಮೇಸ್ತ್ರಿ ಈ ಪ್ರಶ್ನೆಗಾಗಿಯೇ ಕಾದಿದ್ದವನಂತೆ ನೆಟ್ಟಗೆ ಕೂತ. “ಬೆರಳು ಅದ್ದಿ ನಾಲಿಗೆ ಮೇಲೆ ಇಟ್ಕೋತೀನಿ ಮೇಡಂ. ಬಾಯಿಗೆ ಬಿದ್ದ ಕೂಡ್ಲೇ ಹೇಳ್ತೀನಿ, ಇನ್ನೊಂದು ಹಿಡಿ ಉಪ್ಪು ಹಾಕಿ, ಸಾಕು ಬಿಡಿ, ಅಂತ. ನಮ್ಮ ಶೆಡ್ಡಲ್ಲಿ ಆ ವಿದ್ಯೆ ನನ್ನೊಬ್ಬನಿಗೇ ಬರೋದು. ದೊಡ್ಡ ದೊಡ್ಡ ವ್ಯಾಪಾರಸ್ಥರು ನೋಡಕ್ಕೆ ಬರ್ತಾರೆ.”

“ಎಷ್ಟು ವರ್ಷದಿಂದ?”

“ಮೇಸ್ತ್ರಿ ಆದಾಗಿನಿಂದ. ಇಪ್ಪತ್ತಾರು ವರ್ಷ.”

ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಟೈಲರಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ಹೇಳಿದರು: “ನೋಡಿ, ಎಲ್ಲಾ ಬಣ್ಣವೂ ಹಾಗಲ್ಲ. ಆದ್ರೆ ಕೆಲವು ಪುಡಿಗಳು, ಅದರಲ್ಲೂ ಹಳೇ ತರದ ಅಗ್ಗದ್ದು, ಚರ್ಮದಿಂದ ಒಳಗೆ ಹೋಗ್ತವೆ, ಉಸಿರಿನಲ್ಲಿ ಹೋಗ್ತವೆ. ನೀವು ಬಾಯಿಗೇ ಹಾಕ್ಕೊಂಡಿದ್ದೀರಿ. ಒಳಗೆ ಹೋಗಿದ್ದು ಮೂತ್ರದ ಜೊತೆ ಹೊರಗೆ ಬರಬೇಕು. ಬರೋ ಮುಂಚೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತೆ. ನಿಮ್ಮ ತೊಟ್ಟಿಯಲ್ಲಿ ನೂಲು ನೆನೆಯುತ್ತಲ್ಲ, ಹಾಗೆ ಒಳಗಿನ ಪದರ ನೆನೆಯುತ್ತೆ. ಒಂದು ದಿನ ಅಲ್ಲ, ಇಪ್ಪತ್ತು, ಮೂವತ್ತು, ನಲವತ್ತು ವರ್ಷ. ಸಿಗರೇಟಿನ ಹೊಗೆಯಲ್ಲೂ ಅದೇ ಜಾತಿ ವಿಷ ಇದೆ. ಎರಡೂ ಒಂದೇ ಕಡೆ ಸೇರಿದ್ದಾವೆ.”

“ಅಂದ್ರೆ ಶೆಡ್ಡಲ್ಲಿ ಆರು ತೊಟ್ಟಿ ಅಂದ್ಕೊಂಡಿದ್ದೆ. ಏಳನೇದು ನನ್ನೊಳಗೇ ಇತ್ತು” ಎಂದ ಮೇಸ್ತ್ರಿ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಹೊಟ್ಟೆ ಕೊಯ್ಯಲಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ಕೊಳವೆ ತೂರಿಸಿ ಗಡ್ಡೆಯನ್ನು ಕೆರೆದು ತೆಗೆದರು. ಪರೀಕ್ಷೆಯ ವರದಿ ಬರುವ ದಿನ ಟೈಲರಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಯಾರದೋ ಪರದೆಯ ಅಂಚು ಕೈಯಲ್ಲಿ ಹೊಲಿಯುತ್ತ ಕೂತಿದ್ದಳು. ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದಳು. ಆ ಒಂದು ಮೊಳ ಅಂಚಿನಲ್ಲಿ ಆ ದಿನ ಅವಳು ಹಾಕಿದಷ್ಟು ಹೊಲಿಗೆ ಬೇರೆ ಯಾವ ಪರದೆಗೂ ಬಿದ್ದಿರಲಿಕ್ಕಿಲ್ಲ.

“ಕ್ಯಾನ್ಸರ್ ಹೌದು” ಎಂದರು ಡಾಕ್ಟರಮ್ಮ. “ಆದ್ರೆ ಮೇಲಿನ ಪದರದಲ್ಲೇ ಇದೆ. ಆಳಕ್ಕೆ ಇಳಿದಿಲ್ಲ.”

ಟೈಲರಕ್ಕನಿಗೆ ಮೊದಲ ಮಾತಿನ ನಂತರದ್ದು ಕೇಳಿಸಲೇ ಇಲ್ಲ. ಮೇಸ್ತ್ರಿಯೇ ಅವಳಿಗೆ ಅರ್ಥ ಹೇಳಿದ: “ಬಣ್ಣ ಹತ್ತಿದೆ, ಕಚ್ಚಿಲ್ಲ ಅಂತಿದ್ದಾರೆ ಕಣೇ.” ಆಮೇಲೆ ಇಬ್ಬರೂ ಒಂದೇ ಸಲ ಅತ್ತರು. ಡಾಕ್ಟರಮ್ಮ ಬಿಸ್ಕತ್ತಿನ ತಟ್ಟೆ ಅವರ ಕಡೆ ಸರಿಸಿ, ಕಂಪ್ಯೂಟರಿನಲ್ಲಿ ಏನೋ ತೀರ ಮುಖ್ಯವಾದದ್ದು ಹುಡುಕುವವರ ಹಾಗೆ ಮಾಡಿದರು.

ಷರತ್ತುಗಳಿದ್ದವು. ಮೂರು ತಿಂಗಳಿಗೊಮ್ಮೆ ಬಂದು ಒಳಗೆ ಕೊಳವೆ ಬಿಟ್ಟು ನೋಡಿಸಿಕೊಳ್ಳಬೇಕು, ಯಾಕೆಂದರೆ ಇದು ಮತ್ತೆ ಬರುವ ಸ್ವಭಾವದ್ದು. ಸಿಗರೇಟು ಒಂದೂ ಕೂಡದು. ಶೆಡ್ಡು ಕೂಡದು. ನಾಲಿಗೆಯಂತೂ ಕೂಡದೇ ಕೂಡದು.

ಸಿಗರೇಟು ಬಿಟ್ಟ ಮೇಸ್ತ್ರಿ ಎರಡು ವಾರ ಮನೆಯವರನ್ನೆಲ್ಲ ಸುಟ್ಟು ಹೊಗೆ ಎಬ್ಬಿಸಿದ. ಆಮೇಲೆ ತಣ್ಣಗಾಗಿ, ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ದಾರ ಬಿಡಿಸುತ್ತ ಕೂರುವುದನ್ನು ರೂಢಿ ಮಾಡಿಕೊಂಡ. ಕಾಯಿದೆ ಸಡಿಲಾಗಿತ್ತು. ಅವನ ಮೈಯಿಂದ ಬಣ್ಣ ಇಳಿಯುವುದು ನಿಧಾನಕ್ಕೆ ನಿಲ್ಲುತ್ತ ಬಂದಿತ್ತು. ಒಂದು ದಿನ ಅವಳು ಅವನ ಬನಿಯನ್ನನ್ನು ಉಳಿದ ಬಟ್ಟೆಗಳ ಜೊತೆಗೇ ನೆನೆಹಾಕಿದಳು, ಏನೂ ಆಗಲಿಲ್ಲ. ಅದನ್ನು ಅವನಿಗೆ ತೋರಿಸಿದಳು. ಅವನು ಆ ಬಿಳಿ ಬನಿಯನ್ನನ್ನು ಕೆಲಸದಿಂದ ತೆಗೆದುಹಾಕಿದ ಪತ್ರ ಓದಿದ ಹಾಗೆ ನೋಡಿದ.

ಶೆಡ್ಡಿನ ಯಜಮಾನರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಒಳ್ಳೆಯ ಮನುಷ್ಯರೇ. ತಾವೂ ಆ ಶೆಡ್ಡಿನ ಹಬೆ ಕುಡಿದೇ ಬೆಳೆದವರು.

“ಮೇಸ್ತ್ರಿ, ನೀವು ತೊಟ್ಟಿ ಹತ್ರ ಬರೋದೇ ಬೇಡ. ಬಾಗಿಲ ಹತ್ರ ಕುರ್ಚಿ ಹಾಕಿಸ್ತೀನಿ, ಫ್ಯಾನ್ ಹಾಕಿಸ್ತೀನಿ. ಬೆರಳು ಬೇರೆಯವರು ಅದ್ದಲಿ. ಚಮಚದಲ್ಲಿ ತಂದು ಕೊಡ್ತೀವಿ. ನಾಲಿಗೆ ಒಂದು ನಿಮ್ಮದಿದ್ರೆ ಸಾಕು.”

“ಯಜಮಾನ್ರೇ” ಎಂದಳು ಟೈಲರಕ್ಕ, “ಅವರನ್ನ ಪೂರ್ತಿ ಕರ್ಕೊಂಡು ಬಂದಿದ್ದೀನಿ ಆಸ್ಪತ್ರೆಯಿಂದ. ಬಿಡಿಬಿಡಿಯಾಗಿ ಕಳಿಸೋದಿಲ್ಲ.”

ಯಜಮಾನರು ನಕ್ಕು, ಪೆಚ್ಚಾಗಿ, ಹಣ್ಣಿಟ್ಟು ಹೋದರು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಳು ಟೈಲರಕ್ಕ.

ಅದಾಗಿ ಹತ್ತು ದಿನಕ್ಕೆ ಅವಳ ತಮ್ಮ ಭಾವನನ್ನು ನೋಡಲು ಬಂದ. ಹೊಸ ಮೇಸ್ತ್ರಿಯಾಗಿದ್ದ, ಖುಷಿಯಲ್ಲಿದ್ದ. ಏನೋ ತಮಾಷೆ ಹೇಳಿ ತಾನೇ ಬಾಯಿ ತೆರೆದು ನಕ್ಕ. ಅವನ ನಾಲಿಗೆ ಕಡುನೀಲಿ.

ಟೈಲರಕ್ಕ ಕತ್ತರಿಸುತ್ತಿದ್ದ ಬಟ್ಟೆಯ ಮೇಲೇ ಕತ್ತರಿ ಬಿಟ್ಟು ಎದ್ದಳು. “ಏನೋ ಅದು? ಬಾಯಿ ತೆಗಿ.”

“ಏನಿಲ್ಲಕ್ಕ.”

“ತೆಗೀತೀಯೋ ಇಲ್ವೋ!”

ನಲವತ್ತು ದಾಟಿದವನು ಐದು ವರ್ಷದವನ ಹಾಗೆ ನಾಲಿಗೆ ಹೊರಗೆ ಚಾಚಿದ.

“ಇದೆಲ್ಲಾ ಗೊತ್ತಿದ್ದೂ ಗೊತ್ತಿದ್ದೂ! ನಿಮ್ಮ ಭಾವ ಯಾಕೆ ಮಲಗಿದ್ದು ಅಂತ ಗೊತ್ತಿಲ್ವಾ ನಿನಗೆ?”

“ಭಾವ ಇಪ್ಪತ್ತಾರು ವರ್ಷ ನೆಕ್ಕಿದ್ರು. ನಾನು ಈಗ ತಾನೇ ಶುರು ಮಾಡಿದ್ದೀನಿ. ಅದೂ ತುದಿ ನಾಲಿಗೇಲಿ.”

“ತುದಿಯಿಂದಲೇ ಕಣೋ ಎಲ್ಲಾ ಒಳಗೆ ಹೋಗೋದು!”

“ಮತ್ತೇನ್ ಮಾಡ್ಲಿ ಹೇಳು. ನಾಲಿಗೆ ಇಲ್ಲದವನು ಎಂಥ ಮೇಸ್ತ್ರಿ ಅಂತಾರೆ. ಯಜಮಾನ್ರು ಎದುರಿಗೇ ನಿಂತಿರ್ತಾರೆ. ಅಷ್ಟಾದ್ರೂ ಎರಡು ಸಲ ಬಣ್ಣ ಮಚ್ಚೆಮಚ್ಚೆಯಾಗಿ ಎದ್ದಿತು. ನನಗೆ ಬರೀ ಕಹಿ ತಿಳಿಯುತ್ತೆ, ಹದ ತಿಳಿಯಲ್ಲ. ಅದಕ್ಕೇ ದಿನಕ್ಕೆ ಹತ್ತು ಸಲ ನೋಡ್ತೀನಿ, ಅಭ್ಯಾಸ ಆಗ್ಲಿ ಅಂತ.” ಭಾವನ ಕಡೆ ತಿರುಗಿದ. “ಭಾವ, ನೀವೇ ಹೇಳಿ. ಹದಕ್ಕೆ ಬಂದಾಗ ಹೇಗಿರುತ್ತೆ? ಒಂದು ಸಲ ಸರಿಯಾಗಿ ಹೇಳ್ಕೊಟ್ರೆ ನಾನು ಇಷ್ಟು ಸಲ ನೆಕ್ಕಬೇಕಾಗಿಲ್ಲ.”

ಮೇಸ್ತ್ರಿ ದಾರದ ಉಂಡೆಯ ಗಂಟು ಬಿಡಿಸುವುದರಲ್ಲಿ ಮುಳುಗಿದ. “ಅದು ಹೇಳಿ ಬರೋದಲ್ಲಪ್ಪ.”

ತಮ್ಮ ಹೋದ ಮೇಲೆ ಟೈಲರಕ್ಕ ಗಂಡನನ್ನು ಹಿಡಿದು ನಿಲ್ಲಿಸಿದಳು. ಕೇಳಿದಳು, ಬೇಡಿದಳು, ಕೊನೆಗೆ ಬೈದಳು. ಇರುವ ಒಬ್ಬ ತಮ್ಮ. ಗೊತ್ತಿದ್ದೂ ಬಾವಿಗೆ ಇಳಿಯುತ್ತಿದ್ದಾನೆ. ನಿಮ್ಮ ವಿದ್ಯೆ ನಿಮ್ಮ ಜೊತೆಗೇ ಹೋಗಲಿ ಅಂತ ಹಟವಾ? ಎರಡು ಮಾತು ಹೇಳಿಕೊಟ್ಟರೆ ನಿಮ್ಮ ಕಿರೀಟ ಬಿದ್ದುಹೋಗುತ್ತಾ?

“ಅವನಿಗೆ ನೆಕ್ಕಬೇಡ ಅಂತ ನಾನೂ ಹೇಳಿದ್ದೀನಲ್ಲ” ಎಂದ ಮೇಸ್ತ್ರಿ.

“ನೀವು ನೆಕ್ಕಿ ಮೇಸ್ತ್ರಿ ಆದವರು. ನೀವು ಬೇಡ ಅಂದ್ರೆ ಅವನು ಕೇಳ್ತಾನಾ?”

ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಸಿಟ್ಟೆಂದುಕೊಂಡಳು.

ಮಾರನೆಯ ದಿನ ಬಟ್ಟೆ ಕೊಟ್ಟು ಬರುತ್ತೇನೆಂದು ಹೇಳಿ ಟೈಲರಕ್ಕ ನೇರ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಅವಳ ಮಾತು ಪೂರ್ತಿ ಕೇಳಿ, ತಾರೀಖು ಪುಸ್ತಕ ತೆರೆದು, “ಗುರುವಾರ ಬೆಳಗ್ಗೆ ನಾನೇ ಶೆಡ್ಡಿಗೆ ಬರ್ತೀನಿ. ಯಜಮಾನರಿಗೆ ಹೇಳಿರಿ. ನಿಮ್ಮ ಮನೆಯವರೂ ಅಲ್ಲಿರಲಿ” ಎಂದರು.

ಗುರುವಾರ ಡಾಕ್ಟರಮ್ಮ ಬಂದರು. ಕೈಯಲ್ಲಿ ಎರಡು ಚೀಲ: ಒಂದರಲ್ಲಿ ದಪ್ಪ ರಬ್ಬರಿನ ಕೈಗವಸು, ಮೂಗು ಬಾಯಿ ಮುಚ್ಚುವ ಮುಖವಾಡಗಳು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ಕಡ್ಡಿ. ನೀರಿನಲ್ಲಿ ಬಿಟ್ಟರೆ ಉಪ್ಪು ಎಷ್ಟಿದೆಯೆಂದು ಗೆರೆ ತೋರಿಸುತ್ತದಂತೆ. ಕೆಲಸದವರು ತೊಟ್ಟಿ ಬಿಟ್ಟು ಬಂದು ಸುತ್ತ ನಿಂತರು. ಬಾಗಿಲ ಹತ್ತಿರ ಹಾಕಿದ್ದ ಕುರ್ಚಿಯಲ್ಲಿ ಮೇಸ್ತ್ರಿ, ಅವನ ಹಿಂದೆ ಸೆರಗು ಬಿಗಿಹಿಡಿದ ಟೈಲರಕ್ಕ. ಎರಡು ತಿಂಗಳ ಮೇಲೆ ಶೆಡ್ಡಿಗೆ ಬಂದ ಮೇಸ್ತ್ರಿಗೆ ಎಲ್ಲರೂ ನಮಸ್ಕಾರ ಮಾಡಿದ್ದರು. ಅವನ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು.

ಡಾಕ್ಟರಮ್ಮ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಯಾವ ಪುಡಿ ತರಿಸಬಾರದು, ಪುಡಿ ಕೋಣೆಗೆ ಕಿಟಕಿ ಯಾಕೆ ಬೇಕು, ಊಟಕ್ಕೆ ಮುಂಚೆ ಕೈ ಹೇಗೆ ತೊಳೆಯಬೇಕು, ನೀರು ಯಾಕೆ ಹೆಚ್ಚು ಕುಡಿಯಬೇಕು, ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ ಯಾಕೆ. ಗೋಡೆ ಕಡೆ ಹೋಗಿ ಬಣ್ಣ ನೋಡಿ ನಗುವುದನ್ನು ಇವತ್ತಿಗೆ ನಿಲ್ಲಿಸಿ ಎಂದಾಗ ಹಿಂದೆ ನಿಂತಿದ್ದ ಇಬ್ಬರು ತಲೆ ತಗ್ಗಿಸಿದರು. ಯಜಮಾನರು ಎಲ್ಲಕ್ಕೂ ಆಗಲಿ ಆಗಲಿ ಎಂದರು, ಮನಸ್ಸಿಟ್ಟೇ ಎಂದರು. ಗಾಜಿನ ಕಡ್ಡಿ ಬಂದಾಗ ಮಾತ್ರ ತಲೆಯಾಡಿಸಿದರು.

“ಇದೆಲ್ಲಾ ಸರಿ ಮೇಡಂ. ಆದ್ರೆ ಈ ಕಡ್ಡಿಗೆ ನಮ್ಮ ಮೇಸ್ತ್ರಿ ನಾಲಿಗೆ ಬರುತ್ತಾ? ಇಪ್ಪತ್ತಾರು ವರ್ಷದಲ್ಲಿ ಒಂದು ಲಡಿ ಕೆಟ್ಟಿಲ್ಲ ಅವರ ಕೈಯಲ್ಲಿ. ಅವರು ಹೋಗಿ ಎರಡು ತಿಂಗಳಿಗೆ ನೋಡಿ, ಅಲ್ಲಿ” ಎಂದು ಮೂಲೆಯಲ್ಲಿ ಬಿದ್ದಿದ್ದ ಮಚ್ಚೆಮಚ್ಚೆಯ ನೂಲಿನ ಕಡೆ ಕೈ ತೋರಿಸಿದರು. “ನಾಲಿಗೆ ತಿಳಿದದ್ದು ಗಾಜಿಗೆ ತಿಳಿಯಲ್ಲ.”

“ಹೌದು ಹೌದು” ಎಂದರು ಕೆಲಸದವರು. ಟೈಲರಕ್ಕನ ತಮ್ಮ ಎಲ್ಲರಿಗಿಂತ ಜೋರಾಗಿ ಎಂದ. ಮಚ್ಚೆಯ ನೂಲಿನ ಅವಮಾನವನ್ನು ಅಲ್ಲೇ ತೊಳೆದುಕೊಳ್ಳಬೇಕು ಅನ್ನಿಸಿತೋ ಏನೋ, ಅವನು ಪಕ್ಕದ ತೊಟ್ಟಿಗೆ ಬೆರಳು ಅದ್ದಿದ. “ಇವತ್ತು ಭಾವನ ಎದುರಿಗೇ ನೋಡ್ತೀನಿ. ತಪ್ಪಾದ್ರೆ ತಿದ್ದಲಿ.” ಬೆರಳಿನಿಂದ ನೀಲಿ ತೊಟ್ಟಿಕ್ಕುತ್ತಿತ್ತು.

ಟೈಲರಕ್ಕ “ಬೇಡ್ವೋ!” ಎಂದು ಕೂಗಿದಳು. ಅವಳ ಕೈ ತನಗರಿವಿಲ್ಲದೆ ಗಂಡನ ಭುಜವನ್ನು ಹಿಡಿದು ಅಲುಗಿಸಿತು.

ಡಾಕ್ಟರಮ್ಮ ತಮ್ಮನ ಮಣಿಕಟ್ಟು ಹಿಡಿದುಕೊಂಡರು. ಹಿಡಿದುಕೊಂಡೇ ಮೇಸ್ತ್ರಿಯ ಕಡೆ ತಿರುಗಿದರು. “ಮೇಸ್ತ್ರಿಗಳೇ, ನೀವೊಬ್ಬರೇ ಇದನ್ನ ನಿಲ್ಲಿಸಬಲ್ಲವರು. ನಿಮ್ಮ ನಾಲಿಗೆಗೆ ಏನು ತಿಳೀತಿತ್ತೋ ಅದನ್ನ ಹೇಳಿ. ನಾನು ಈ ಕಡ್ಡಿಯ ಗೆರೆಗೆ ಹೊಂದಿಸಿ ಗುರುತು ಹಾಕ್ಕೊಡ್ತೀನಿ. ಹದ ಸರಿ ಇದ್ದಾಗ ರುಚಿ ಹೇಗಿರುತ್ತೆ? ಉಪ್ಪಾ? ಕಹಿಯಾ? ಒಗರಾ?”

ಇಪ್ಪತ್ತಾರು ವರ್ಷ ಕಾದಿಟ್ಟ ಗುಟ್ಟು ಹೊರಗೆ ಬೀಳುವುದನ್ನು ಕೇಳಲು ಯಜಮಾನರೂ ಒಂದು ಹೆಜ್ಜೆ ಮುಂದೆ ಬಂದರು. ಮೇಸ್ತ್ರಿ ಮೊದಲು ಯಜಮಾನರನ್ನು ನೋಡಿದ, ಆಮೇಲೆ ಸಾಲಾಗಿ ನಿಂತ ಕೆಲಸದವರನ್ನು ನೋಡಿದ, ಕೊನೆಗೆ ಭಾಮೈದನ ಬೆರಳನ್ನು ನೋಡಿದ. ಅವನ ಕಿವಿಗಳು ಮತ್ತೆ ಕೆಂಪಾದವು. ಟೈಲರಕ್ಕನ ಕೈ ಇನ್ನೂ ಅವನ ಭುಜದ ಮೇಲಿತ್ತು. ಅವನು ಸಿಟ್ಟಿನಲ್ಲಿ ಬಿಗಿದುಕೊಂಡಿಲ್ಲ, ಕುಗ್ಗುತ್ತಿದ್ದಾನೆ ಎಂಬುದು ಆಗ ಅವಳ ಕೈಗೆ ತಿಳಿಯಿತು.

“ಡಬ್ಬದ ಮೇಲೆ ಬರೆದಿರುತ್ತೆ, ಮೇಡಂ” ಎಂದ ಮೇಸ್ತ್ರಿ.

“ಏನು?”

“ಎಷ್ಟು ನೂಲಿಗೆ ಎಷ್ಟು ಪುಡಿ, ಎಷ್ಟು ಉಪ್ಪು, ಎಷ್ಟು ಸೋಡಾ ಅಂತ. ಸಣ್ಣಕ್ಷರದಲ್ಲಿ. ಬಾಗಿಲು ಹಾಕ್ಕೊಂಡು ಓದಿ, ತೂಗಿ ಹಾಕ್ತಿದ್ದೆ. ನಾಲಿಗೆಗೆ ನನಗೂ ಬರೀ ಕಹಿನೇ.”

ತಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಡಾಕ್ಟರಮ್ಮ ಅವನ ಮಣಿಕಟ್ಟು ಬಿಟ್ಟರು. ಬೆರಳು ತಾನಾಗಿ ಕೆಳಗಿಳಿಯಿತು.

“ಮತ್ತೆ ಇಪ್ಪತ್ತಾರು ವರ್ಷ ದಿನಾ ಯಾಕೆ ಬಾಯಿಗೆ ಹಾಕ್ಕೊಂಡ್ರಿ?” ಎಂದರು ಡಾಕ್ಟರಮ್ಮ.

ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ.

“ಯಜಮಾನ್ರು ನೋಡ್ತಾ ನಿಂತಿರ್ತಿದ್ರಲ್ಲ” ಎಂದ.